ಮ್ಯೂಸಿಯಂನಲ್ಲಿ ಥೀಮ್ ಸಂಜೆ: ಟಿಕೆಟ್ ತಗೊಳ್ಳೋ ಮುಂಚೆ

ಥೀಮ್ ಸಂಜೆ ಅಂದರೆ ಮ್ಯೂಸಿಯಂನವರು ಒಂದು ವಿಷಯ ಇಟ್ಟುಕೊಂಡು ಸಂಜೆ ಹೊತ್ತು ಹಾಡು, ಊಟ, ಚಿತ್ರ ಎಲ್ಲ ಸೇರಿಸಿ ನಡೆಸುವ ಕಾರ್ಯಕ್ರಮ. ಮೊದಲು ನೋಡಬೇಕಾದ್ದು ಟಿಕೆಟ್ ಬೆಲೆಯಲ್ಲ, ಗ್ಯಾಲರಿಗಳಿಗೆ ಎಷ್ಟು ಹೊತ್ತಿಗೆ ಬೀಗ ಹಾಕುತ್ತಾರೆ ಅನ್ನುವುದು. ಪೋಸ್ಟರ್‌ನಲ್ಲಿ ರಾತ್ರಿ 9.30 ಎಂದಿದ್ದರೂ ಅದು ಹಾಡು, ಊಟದ ಸಮಯ ಇರಬಹುದು; ಚಿತ್ರಗಳಿರುವ ಮಹಡಿ ಅದಕ್ಕಿಂತ ಮುಂಚೆಯೇ ಮುಚ್ಚಿರುತ್ತದೆ. ಹಾಗಾಗಿ ಒಳಹೊಕ್ಕ ತಕ್ಷಣ ಗ್ಯಾಲರಿ, ಆಮೇಲೆ ತಿಂಡಿ. ಉಲ್ಟಾ ಮಾಡಿದವರಿಗೆ ಸಿಗುವುದು ಸೆಲ್ಫಿ ಮಾತ್ರ.

ಥೀಮ್ ಗೋಡೆಯ ಮೇಲಿನ ಕೃತಿಗಳಿಂದಲೇ ಹುಟ್ಟಿದ್ದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ, 2023ರಲ್ಲಿ ತೆರೆದದ್ದು) ಸಂಗ್ರಹದಲ್ಲಿ ಚಿತ್ರಕಾರ ಜಾಮಿನಿ ರಾಯ್ ಇದ್ದಾರೆ, ಜ್ಯೋತಿ ಭಟ್ಟರ ಫೋಟೋಗಳಿವೆ, ಸಿನಿಮಾ ಪೋಸ್ಟರುಗಳಿವೆ, ಬಟ್ಟೆಗಳಿವೆ. ಇಷ್ಟೆಲ್ಲ ಕೈಯಲ್ಲಿಟ್ಟುಕೊಂಡು ಹಳೇ ಸಿನಿಮಾ ಸಂಜೆಯನ್ನೋ ನೇಯ್ಗೆಯ ಸಂಜೆಯನ್ನೋ ಚೆನ್ನಾಗಿ ಕಟ್ಟಬಹುದು. ಬರೀ ಉಡುಪಿನ ಬಣ್ಣ, ಫೋಟೋ ಬೂತು ಅಂದರೆ ಇಂದಿರಾನಗರದ ಪಬ್ಬೇ ಸಾಕು.

ಗ್ಯಾಲರಿ ಕತ್ತಲೆ ಎಂದು ಗೊಣಗುವವರು ಬಹಳ. ಅದಕ್ಕೆ ಕಾರಣವಿದೆ: ಕಾಗದ, ಜಲವರ್ಣ, ಬಟ್ಟೆಗೆ ಬೆಳಕು ಸುಮಾರು 50 ಲಕ್ಸ್ (ಬೆಳಕಿನ ಅಳತೆ) ದಾಟಬಾರದು. ತೈಲವರ್ಣಕ್ಕೆ 200ರವರೆಗೆ ನಡೆಯುತ್ತದೆ. ಬೆಳಕಿನಿಂದಾಗುವ ಹಾನಿ ಗಂಟೆಗಂಟೆಗೂ ಕೂಡುತ್ತಾ ಹೋಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ಸಂಜೆ ಮೂರು ತಾಸು ಹೆಚ್ಚು ತೆರೆದರೆ ಅದೂ ಲೆಕ್ಕಕ್ಕೆ ಸೇರಿತು. ಫೋನ್ ಜೇಬಿಗಿಟ್ಟು ಐದು ನಿಮಿಷ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ.

ಜನಸಂದಣಿಯದ್ದೇ ದೊಡ್ಡ ತಲೆನೋವು. ಸುಮ್ಮನೆ ನಿಂತ ಒಬ್ಬರ ಮೈಯಿಂದ ಹೆಚ್ಚುಕಡಿಮೆ 100 ವ್ಯಾಟ್ ಬಿಸಿ ಹೊರಬೀಳುತ್ತದೆ, ಜೊತೆಗೆ ಉಸಿರಿನ ತೇವ. ನೂರು ಜನ ಒಂದೇ ಕೋಣೆಯಲ್ಲಿ ಸೇರಿದರೆ ಏಸಿ ಏದುಸಿರು ಬಿಡುತ್ತದೆ, ತೇವ ಏರಿಳಿದಂತೆ ಕಾಗದ ಹಿಗ್ಗಿ ಕುಗ್ಗುತ್ತದೆ. ಇಪ್ಪತ್ತು-ಇಪ್ಪತ್ತೈದು ಜನರ ಬ್ಯಾಚ್ ಮಾಡಿ ಒಳಗೆ ಬಿಡುವವರು, ಕೈಯಲ್ಲಿನ ಗ್ಲಾಸನ್ನು ಬಾಗಿಲಲ್ಲೇ ಇಡಿಸುವವರು ಕೆಲಸ ಬಲ್ಲವರು. ಬೈಕೋಬೇಡಿ.

ವಿವರಣೆ ಕೊಡುವವರ ಹಿಂದೆ ಹೋಗುವುದಾದರೆ ಮುಂದಿನ ಸಾಲಿನಲ್ಲೇ ಇರಿ: ಗಟ್ಟಿ ನೆಲ, ಬೋಳು ಗೋಡೆ, ಮಾತೆಲ್ಲ ಪ್ರತಿಧ್ವನಿಸುತ್ತದೆ. ವಿವರಣೆ ಕನ್ನಡದಲ್ಲೂ ಇದೆಯೇ ಎಂದು ಬುಕ್ ಮಾಡುವಾಗಲೇ ಕೇಳಿ. ಕೇಳುವವರಿಲ್ಲದಿದ್ದರೆ ಅವರಾದರೂ ಯಾಕೆ ಇಡುತ್ತಾರೆ?

ಮ್ಯಾಪ್‌ಗೆ ಕಾರು ಬೇಡ. ಕಬ್ಬನ್ ಪಾರ್ಕ್ ಮೆಟ್ರೋದಲ್ಲಿ ಇಳಿದು ಸುಮಾರು ಒಂದು ಕಿಲೋಮೀಟರ್ ನಡೆದರಾಯಿತು. ಚಿನ್ನಸ್ವಾಮಿಯಲ್ಲಿ ಪಂದ್ಯವಿದೆಯಾ ಅಂತ ಮಾತ್ರ ನೋಡಿಕೊಳ್ಳಿ. ಇದ್ದರೆ ಆ ದಿನ ಬೇಡವೇ ಬೇಡ. ಟೆರೇಸಿನ ಕಾರ್ಯಕ್ರಮವಾದರೆ, ಮಳೆ ಬಂದಾಗ ಎಲ್ಲಿಗೆ ಕಳಿಸುತ್ತಾರೆಂದು ಕೇಳಿಟ್ಟುಕೊಳ್ಳಿ, ಮೇ ತಿಂಗಳಲ್ಲಂತೂ.

ಗೆಳೆಯರ ಜೊತೆ ಹರಟುತ್ತಾ ನಾಲ್ಕು ಚಿತ್ರ ನೋಡುವವರಿಗೆ ಇದು ಒಳ್ಳೇ ಸಂಜೆ. ಚಿತ್ರವನ್ನೇ ನೋಡಬೇಕೆನ್ನುವವರು ಸೋಮವಾರ ಬಿಟ್ಟು ಬೇರೆ ಯಾವ ದಿನವಾದರೂ ಬೆಳಿಗ್ಗೆ ಹೋಗಲಿ, ಇಲ್ಲವೇ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ (ಎನ್‌ಜಿಎಂಎ). ಅಲ್ಲಿ ಅಂಗಳದ ಮರಗಳ ನೆರಳೂ ಸಿಗುತ್ತದೆ.