ಆಯಿಲ್ ಸ್ಯಾಂಪಲ್: ಡ್ರೇನ್ ಪ್ಲಗ್ಗೋ, ಕೈಪಂಪೋ, ವಾಲ್ವೋ?

ಯಂತ್ರದೊಳಗಿನ ಸವೆತ ತಿಳಿಯಲು ಬಳಸಿದ ಆಯಿಲನ್ನು ಬಾಟಲಿಯಲ್ಲಿ ಲ್ಯಾಬಿಗೆ ಕಳಿಸುತ್ತೇವೆ. ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆಯ ಕೆಂಪುಕಲ್ಲಿನ (ಮುರಕಲ್ಲು) ಕೋರೆಯ ಧೂಳು ಆ ಆಯಿಲ್ ರಿಪೋರ್ಟನ್ನು ಸುಲಭವಾಗಿ ಕೆಡಿಸುತ್ತದೆ. ಮುರಕಲ್ಲಿನಲ್ಲಿ ತುಂಬಿರುವುದೇ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡು, ಜೊತೆಗೆ ಸಿಲಿಕಾ. ಅದರ ನುಣ್ಣನೆಯ ಪುಡಿ ಒಂದಿಷ್ಟು ಬಾಟಲಿಗೆ ಬಿದ್ದರೂ ಸಾಕು, ರಿಪೋರ್ಟಿನಲ್ಲಿ ಸಿಲಿಕಾನಿನ ಬೆನ್ನಿಗೆ ಕಬ್ಬಿಣ, ಅಲ್ಯೂಮಿನಿಯಂ ಎರಡೂ ಏರಿ, ಎಂಜಿನಿನ ಲೈನರ್, ಪಿಸ್ಟನ್ ಸವೆದಂತೆ ಕಾಣುತ್ತದೆ. ಆದ್ದರಿಂದ 20 ಟನ್ನಿನ ಹಿಟಾಚಿಗಳಲ್ಲಿ (ಅಗೆಯುವ ಯಂತ್ರ) ಬಳಸಿ ನೋಡಿದ, ಸ್ಯಾಂಪಲ್ ತೆಗೆಯುವ ಈ ಮೂರು ದಾರಿಗಳನ್ನು ತೂಗುವಾಗ ಧೂಳು ಎಲ್ಲಿಂದ ನುಸುಳುತ್ತದೆ ಎಂಬುದಕ್ಕೇ ಹೆಚ್ಚು ಅಂಕ.

ಆಯಿಲ್ ಖಾಲಿ ಮಾಡಲು ತಳದಲ್ಲಿರುವ ಡ್ರೇನ್ ಪ್ಲಗ್ಗಿಗೆ ಖರ್ಚಿಲ್ಲ, ನಂಬಿಕೆಯೂ ಕಡಿಮೆ. ಪ್ಲಗ್ಗಿನ ಸುತ್ತ ಕಟ್ಟಿದ ಕೆಸರು ಮೊದಲ ಧಾರೆಯೊಂದಿಗೇ ಇಳಿಯುತ್ತದೆ. ಸಂಪಿನ (ಎಂಜಿನಿನ ಅಡಿಯ ಆಯಿಲ್ ತೊಟ್ಟಿ) ತಳದ ಗಷ್ಟು, ನೀರು ಕೂಡ ಆಗಲೇ ಬರುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಸುತ್ತಲೂ ಡೀಸೆಲ್ ಹಾಕಿ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ, ಅರ್ಧದಷ್ಟು ಆಯಿಲ್ ಹೋದ ಮೇಲೆ ನಡುಧಾರೆಗೆ ಬಾಟಲಿ ಹಿಡಿಯಿರಿ. ಬಿಸಿ ಆಯಿಲ್, ಕೈ ಜೋಪಾನ.

ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ಕಿನ ರಂಧ್ರದಿಂದ ಪೈಪು ಇಳಿಸಿ ಎಳೆಯುವ ಕೈಪಂಪು ಎಂಜಿನಿಗೆ ಚೆನ್ನಾಗಿಯೇ ಒಗ್ಗುತ್ತದೆ, ಕೈಯ ಶಿಸ್ತು ಇದ್ದರೆ. ಎಂಜಿನ್ ಕೆಲಸದ ಬಿಸಿಗೆ ಬಂದು, ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ತೆಗೆಯಬೇಕು. ಬೆಳಿಗ್ಗೆ ತಣ್ಣಗಿರುವಾಗ ಎಳೆದರೆ ಲೋಹದ ಕಣಗಳು ತಳಕ್ಕೆ ಕುಳಿತಿರುತ್ತವೆ, ರಿಪೋರ್ಟ್ ಸುಳ್ಳೇ ಚಂದ ಬರುತ್ತದೆ. 6 ಮಿ.ಮೀ. ಪ್ಲಾಸ್ಟಿಕ್ ಪೈಪನ್ನು ಡಿಪ್‌ಸ್ಟಿಕ್ಕಿನ ಪಕ್ಕ ಇಟ್ಟು ಅಳೆಯಿರಿ. ತುದಿ ಆಯಿಲ್ ಮಟ್ಟದಿಂದ ಸಂಪಿನ ನಡುವಿನವರೆಗೆ ಮಾತ್ರ ಇಳಿಯಬೇಕು, ಅಷ್ಟಕ್ಕೆ ಪೈಪಿನ ಮೇಲೆ ಟೇಪಿನ ಗುರುತು ಹಾಕಿ. ತುದಿಯನ್ನು ಓರೆಯಾಗಿ ಕತ್ತರಿಸಿದರೆ ಗೋಡೆಗೆ ಅಂಟಿ ಬಾಯಿ ಮುಚ್ಚುವುದಿಲ್ಲ. ಪಂಪಿನ ತಲೆಯಿಂದ ಪೈಪು ಬಾಟಲಿಯೊಳಗೆ ಒಂದೆರಡು ಸೆಂ.ಮೀ. ಇಣುಕಿರಲಿ. ಚಿಕ್ಕದಾದರೆ ಆಯಿಲ್ ಪಂಪಿನೊಳಕ್ಕೇ ಹೋಗುತ್ತದೆ, ಮುಂದಿನ ಯಂತ್ರದ ಸ್ಯಾಂಪಲ್ಲೂ ಕೆಟ್ಟಂತೆ. ಬಾಟಲಿ ಮುಕ್ಕಾಲು ತುಂಬಿದರೆ ಸಾಕು, ಲ್ಯಾಬಿನವರು ಕುಲುಕಲು ಜಾಗ ಬೇಕು. ಪ್ರತಿ ಸ್ಯಾಂಪಲ್ಲಿಗೂ ಹೊಸ ಪೈಪು. ತೊಳೆದು ಮತ್ತೆ ಬಳಸುವ ಉಳಿತಾಯ ಬೇಡವೇ ಬೇಡ. ಕೂಲೆಂಟಿಗೆ ಬಳಸಿದ ಪಂಪನ್ನು ಆಯಿಲಿಗೆ ತರಬೇಡಿ, ಕೂಲೆಂಟಿನ ಗ್ಲೈಕಾಲ್ ಆಯಿಲಿನಲ್ಲಿ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದೇ ಲ್ಯಾಬ್ ಬರೆಯುತ್ತದೆ.

ಹೈಡ್ರಾಲಿಕ್ಕಿಗೆ ಮಾತ್ರ ಪಂಪು ಸೋಲುತ್ತದೆ. ಟ್ಯಾಂಕಿನ ಒತ್ತಡ ಬಿಟ್ಟು, ಮುಚ್ಚಳ ತೆಗೆಯಬೇಕು. ತೆಗೆದ ಕ್ಷಣದಿಂದ ಕೋರೆಯ ಗಾಳಿ ಒಳಗೆ. ಇಲ್ಲಿ ಎಣಿಸುವುದು 4, 6, 14 ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣಗಳನ್ನು, ಆಯಿಲ್ ಎಷ್ಟು ಶುದ್ಧ ಎಂದು ಹೇಳಲು 18/16/13 ಎಂಬಂತೆ ಬರುವ ಆ ಐಎಸ್‌ಒ 4406 ಅಂಕೆಯಲ್ಲಿ ಒಂದೊಂದು ಮೆಟ್ಟಿಲು ಏರಿದರೂ ಕಣಗಳು ಸುಮಾರು ಇಮ್ಮಡಿ. ಕಣ್ಣಿಗೆ ಕಾಣದ ಧೂಳೇ ಅದನ್ನು ಏರಿಸುತ್ತದೆ.

ಲೈನಿಗೇ ಕೂರಿಸುವ ಸ್ಯಾಂಪಲ್ ವಾಲ್ವ್ ಗೆಲ್ಲುವುದು ಇಲ್ಲೇ. ಆಯಿಲ್ ಟ್ಯಾಂಕಿಗೆ ಮರಳುವ ರಿಟರ್ನ್ ಲೈನಿನಲ್ಲಿ, ಫಿಲ್ಟರಿಗೆ ಮೊದಲು ಕೂರಿಸಬೇಕು. ಫಿಲ್ಟರ್ ದಾಟಿದ ಆಯಿಲಿನಲ್ಲಿ ಸುದ್ದಿಯೆಲ್ಲ ಜಾಲರಿಯಲ್ಲೇ ಉಳಿದಿರುತ್ತದೆ. ಮುಖ್ಯ ಪಂಪಿನ ಲೈನಿಗೆ ಕೈ ಹಾಕಬೇಡಿ: 300 ಬಾರ್‌ಗೂ ಮಿಕ್ಕ ಒತ್ತಡದ ಆಯಿಲಿನ ಎಳೆ ಗ್ಲೌಸನ್ನೂ ಚರ್ಮವನ್ನೂ ತೂರುತ್ತದೆ. ಎಂಜಿನ್ ಲೋ ಐಡ್ಲಿನಲ್ಲಿ (ಕನಿಷ್ಠ ವೇಗ) ಓಡುತ್ತಿರಲಿ. ವಾಲ್ವಿನ ಬಾಯಿಯ ರಬ್ಬರ್ ಟೋಪಿ ತೆಗೆಯುವ ಮುನ್ನ ಒಮ್ಮೆ ಒರೆಸಿ, ತೆಗೆದ ಮೇಲೆ ಮತ್ತೊಮ್ಮೆ. ಮೊದಲ 100 ಮಿ.ಲೀ.ಯಷ್ಟು ಆಯಿಲನ್ನು ಬೇರೆ ಡಬ್ಬಿಗೆ ಬಿಟ್ಟು, ಧಾರೆ ನಿಲ್ಲಿಸದೆ ಬಾಟಲಿ ಹಿಡಿಯಿರಿ. ನಿಲ್ಲಿಸಿ ತೆರೆದರೆ ವಾಲ್ವಿನೊಳಗಿನ ಕೊಳೆ ಮತ್ತೆ ಸಡಿಲವಾಗುತ್ತದೆ. ದೌರ್ಬಲ್ಯ ಒಂದೇ: ಟೋಪಿ ಕಳೆದುಹೋದರೆ ಜೂನಿನ ಮಳೆಗೆ ರಂಧ್ರದಲ್ಲಿ ಕೆಂಪು ಮಣ್ಣು ಮೆತ್ತುತ್ತದೆ. ಬಿಡಿ ಟೋಪಿ ನಾಲ್ಕು ಇಟ್ಟುಕೊಳ್ಳಿ.

ಒಂದೇ ಯಂತ್ರ ಇರುವವರಿಗೆ ಎಂಜಿನಿಗೆ ಪಂಪು, ಹೈಡ್ರಾಲಿಕ್ಕಿಗೆ ವಾಲ್ವ್ ಎನ್ನುವೆ. ಪ್ರತಿ 250 ಗಂಟೆಗೆ ಎಂಜಿನ್, 500ಕ್ಕೆ ಹೈಡ್ರಾಲಿಕ್. ಒಂದೊಂದು ಸಲ ಒಂದೊಂದು ದಾರಿಯಲ್ಲಿ ತೆಗೆದರೆ ಹಿಂದಿನ ಅಂಕೆಗಳೊಂದಿಗೆ ಹೋಲಿಸಲು ಬಾರದು.

ಟ್ರ್ಯಾಕ್ ತಿರುಗಿಸುವ ಗೇರುಪೆಟ್ಟಿಗೆಯಾದ ಫೈನಲ್ ಡ್ರೈವಿಗೆ ಡಿಪ್‌ಸ್ಟಿಕ್ಕೂ ಇಲ್ಲ, ವಾಲ್ವೂ ಇಲ್ಲ. ಸ್ವಲ್ಪ ಓಡಿಸಿ, ಡ್ರೇನ್ ಪ್ಲಗ್ ನೇರ ಕೆಳಗೆ ಬರುವಂತೆ ನಿಲ್ಲಿಸಿ, ಪಕ್ಕದ ಲೆವೆಲ್ ಪ್ಲಗ್ಗಿನ ರಂಧ್ರದಿಂದ ಪೈಪು ತೂರಿಸಿ ಕೈಪಂಪಿನಿಂದ ಎಳೆಯಿರಿ. ಟ್ರ್ಯಾಕಿನ ಮಣ್ಣನ್ನು ಮೊದಲು ಕೆರೆದು ತೆಗೆದಿರಬೇಕು, ಪ್ಲಗ್ ಬಿಚ್ಚಿದ ಮೇಲಲ್ಲ.