ಕಾರವಾರದ ಮನೆಗೆ ಫೆಂಗ್‌ಶುಯಿ ಸಲಹೆ: ಬೆಳಕಿಗೆ ಕೊಟ್ಟ ದುಡ್ಡು ಸಾರ್ಥಕ, ಸಾಮಾನಿಗೆ ಕೊಟ್ಟದ್ದು ದಂಡ

ಫೆಂಗ್‌ಶುಯಿ ಅಂದರೆ ನಮ್ಮ ವಾಸ್ತುವಿನ ಹಾಗೆ ಮನೆಯಲ್ಲಿ ಯಾವುದು ಎಲ್ಲಿರಬೇಕು ಅಂತ ಹೇಳುವ ಚೀನಾದ ಪದ್ಧತಿ. ಮೊದಲೇ ಹೇಳಿಬಿಡುತ್ತೇನೆ. ಮನೆಗೆ ಬಂದು, ನೋಡಿ, ಕೂತು ಮಾತಾಡಿ ಕೊಡುವ ಸಲಹೆ ತುಂಬಾ ಚೆನ್ನಾಗಿದೆ, ಕರೆಸಿ. ಅದರ ಜೊತೆಗೆ ಬರುವ ಸಾಮಾನಿನ ಪಟ್ಟಿಯನ್ನು ಮಾತ್ರ ನಮ್ಮ ಕರಾವಳಿಯವರು ಮಡಚಿ ಬದಿಗಿಡಿ. ಇಷ್ಟುದ್ದ ಬರೆಯುತ್ತಿರುವುದೇ ಈ ಎರಡನ್ನೂ ಬೇರೆ ಬೇರೆ ಮಾಡಿ ಹೇಳೋಕೆ.

ನಮ್ಮದು ಕೋಡಿಬಾಗದ ಕಡೆ ಚಿರೇಕಲ್ಲಿನ ಹಳೇ ಮನೆ. ಮುಂಬಾಗಿಲು ಪೂರ್ವಕ್ಕೆ, ಸಮುದ್ರ ಹಿಂದೆ ಪಶ್ಚಿಮಕ್ಕೆ. ದಕ್ಷಿಣದ ಖಾಲಿ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದ ಮೇಲೆ ಹಾಲ್‌ನಲ್ಲಿ ಹಗಲಲ್ಲೂ ಕತ್ತಲು. ಅಲ್ಲಿ ಯಾರೂ ಕೂರುತ್ತಲೇ ಇರಲಿಲ್ಲ. ಮಗಳು ಮಂಚದ ಮೇಲೆ ಪುಸ್ತಕ ಹರಡಿಕೊಂಡು, ನಮ್ಮ ಯಜಮಾನರು ಫೋನ್ ಹಿಡಿದು ಒಳಕೋಣೆಯಲ್ಲಿ, ಅತ್ತೆ ಅಡುಗೆಮನೆ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು, ಹೀಗೆ ನಾಲ್ಕು ಜನ ನಾಲ್ಕು ಕಡೆ. ಆಷಾಢ ಬಂತು ಅಂದರೆ ಬೆಳಿಗ್ಗೆ ಹಾಕಿದ ಟ್ಯೂಬ್‌ಲೈಟ್ ಮಲಗುವವರೆಗೆ ಆರುವುದಿಲ್ಲ. ಮನೆ ಒಳಗೆ ಬಂದರೆ ಮೈ ಭಾರ ಆಗುತ್ತದೆ ಅಂತ ನಾನು ಹೇಳುತ್ತಾ ಇದ್ದೆ, ಯಾರಿಗೂ ಅದು ಏನಂತ ಅರ್ಥ ಆಗುತ್ತಿರಲಿಲ್ಲ.

ಸಲಹೆ ಕೊಟ್ಟವರು ಹುಬ್ಬಳ್ಳಿಯ ಒಬ್ಬ ಮೇಡಂ, ಕಾರವಾರ ಮತ್ತು ಸಿರ್ಸಿ ಕಡೆಗೆ ಆಗಾಗ ಬರುತ್ತಾರೆ. ಎಲ್ಲೂ ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡದ್ದರಿಂದ ಹಾಕಿಲ್ಲ. ಫೀ 3,000 ರೂಪಾಯಿ. ಒಂದೇ ದಿನ ಎರಡು ಸಲ ಬರುತ್ತಾರೆ, ಮಧ್ಯಾಹ್ನ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. ಈ ಎರಡನೇ ಭೇಟಿಯೇ ಅವರ ಕೆಲಸದ ಜೀವಾಳ. ಹಗಲು ಹತ್ತು ನಿಮಿಷ ಬಂದು ಮೂಲೆ ತೋರಿಸಿ ಹೋಗುವವರಿಗೂ ಇವರಿಗೂ ಇರುವ ವ್ಯತ್ಯಾಸ ಅದೇ.

ಬಂದವರು ಮೊದಲು ಹೇಳಿದ್ದು, "ಎಲ್ಲಾ ಲೈಟ್ ಆರಿಸಿ, ಮನೆಗೆ ತನ್ನದೇ ಬೆಳಕು ಎಷ್ಟಿದೆ ನೋಡೋಣ." ಆಮೇಲೆ ದಿಕ್ಸೂಚಿ ತೆಗೆದು, ಮನೆಯ ನಕ್ಷೆಯನ್ನು ಕಾಗದದ ಮೇಲೆ ಬರೆದು ಒಂಬತ್ತು ಮನೆಯ ಚೌಕ ಹಾಕಿದರು. ಇದನ್ನು ಬಾಗುವಾ ಅನ್ನುತ್ತಾರೆ. ಇದರಲ್ಲಿ ಎರಡು ದಾರಿ ಇದೆ ಅಂತ ಅವರೇ ಬಿಡಿಸಿ ಹೇಳಿದರು. ಹಳೆಯದು ದಿಕ್ಸೂಚಿ ಹಿಡಿದು ನೋಡುವ ಪದ್ಧತಿ. ಇನ್ನೊಂದು ಲಿನ್ ಯುನ್ ಎಂಬ ಗುರು 1980ರ ದಶಕದಲ್ಲಿ ಅಮೆರಿಕದಲ್ಲಿ ಹಬ್ಬಿಸಿದ್ದು. ಅದರಲ್ಲಿ ದಿಕ್ಕಿಗೆ ಬೆಲೆ ಇಲ್ಲ, ಬಾಗಿಲಿನಿಂದ ಲೆಕ್ಕ. ಬಾಗಿಲಲ್ಲಿ ನಿಂತು ಒಳಗೆ ನೋಡಿದರೆ ದೂರದ ಎಡಮೂಲೆ ಹಣಕ್ಕೆ, ದೂರದ ಬಲಮೂಲೆ ಸಂಬಂಧಕ್ಕೆ, ನಡುವೆ ಆರೋಗ್ಯ. ಮೇಡಂ ಬಾಗುವಾಕ್ಕೆ ಬಳಸುವುದು ಈ ಎರಡನೆಯದನ್ನು, ದಿಕ್ಸೂಚಿ ಬೆಳಕಿನ ಲೆಕ್ಕಕ್ಕೆ ಮಾತ್ರ.

ಇಲ್ಲೇ ಅತ್ತೆಗೂ ಅವರಿಗೂ ಸಣ್ಣ ಚರ್ಚೆ ಆಯಿತು. ನಮ್ಮ ಮನೆಯಲ್ಲಿ ದೂರದ ಎಡಮೂಲೆ ಅಂದರೆ ನೈಋತ್ಯ. ಅಲ್ಲಿ ನೀರಿನ ಕಾರಂಜಿ ಇಡಿ ಅಂದರು ಮೇಡಂ. ಅತ್ತೆ ಸಿರ್ಸಿ ಕಡೆಯವರು, ವಾಸ್ತು ಕೇಳಿಯೇ ಬೆಳೆದವರು. ನೈಋತ್ಯ ಭಾರ ಇರಬೇಕು, ನೀರು ಈಶಾನ್ಯಕ್ಕೆ, ಒಲೆ ಆಗ್ನೇಯಕ್ಕೆ. "ನೈಋತ್ಯಕ್ಕೆ ನೀರು ಇಡೋದು ಬ್ಯಾಡ ತಂಗಿ, ದೇವ್ರ ಪೀಠ ಒಂದೂ ಮುಟ್ಟಡಿ" ಎಂದು ನನ್ನ ಕಡೆ ತಿರುಗಿ ಹೇಳಿಬಿಟ್ಟರು. ಮೇಡಂ ವಾದ ಮಾಡಲಿಲ್ಲ. "ಅಮ್ಮ, ನಿಮ್ಮ ಮನಸ್ಸಿಗೆ ಒಗ್ಗದ್ದನ್ನು ಮನೆಯಲ್ಲಿ ಇಟ್ಟರೆ ಅದರಿಂದ ಒಳ್ಳೇದಾಗಲ್ಲ, ಬಿಡಿ" ಎಂದು ಕಾರಂಜಿಯನ್ನು ಪಟ್ಟಿಯಿಂದ ಹೊಡೆದುಹಾಕಿದರು. ನನಗೆ ಅವರ ಮೇಲೆ ನಂಬಿಕೆ ಬಂದದ್ದು ಆ ಕ್ಷಣಕ್ಕೆ. ವಾಸ್ತು ಮತ್ತು ಫೆಂಗ್‌ಶುಯಿ ಎರಡನ್ನೂ ಅರ್ಧರ್ಧ ಬೆರೆಸಿ ಮಾರುವವರು ಬಹಳ ಜನ ಇದ್ದಾರೆ, ಅಂಥವರ ಹತ್ತಿರ ಹೋದರೆ ಒಂದೇ ಮೂಲೆಗೆ ಇಬ್ಬರು ಎರಡು ಕಥೆ ಹೇಳುತ್ತಾರೆ.

ಈಗ ಬೆಳಕಿನ ವಿಷಯ. ಇದನ್ನು ಸ್ವಲ್ಪ ನಿಧಾನಕ್ಕೆ ಓದಿ.

ಫೆಂಗ್‌ಶುಯಿ ಹುಟ್ಟಿದ ಚೀನಾದಲ್ಲಿ ಚಳಿಗಾಳಿ ಬರುವುದು ಉತ್ತರದಿಂದ, ಬಿಸಿಲು ದಕ್ಷಿಣದಿಂದ. ಅದಕ್ಕೇ ಅಲ್ಲಿ ಮನೆಗೆ ದಕ್ಷಿಣದ ಮುಖ ಶ್ರೇಷ್ಠ. ಇದನ್ನು ಹಾಗೇ ತಂದು ಕಾರವಾರಕ್ಕೆ ಅಂಟಿಸಿದರೆ ನಡೆಯುವುದಿಲ್ಲ. ನಾವು ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಮಳೆ ಹೊಡೆಯುವುದು ನೈಋತ್ಯದಿಂದ. ಹಾಗಾಗಿ ಮಳೆಗಾಲದಲ್ಲಿ ಪಶ್ಚಿಮ, ದಕ್ಷಿಣದ ಕಿಟಕಿ ಮುಚ್ಚಲೇಬೇಕು. ಜಡಿಮಳೆ ಹಿಡಿದಾಗಲೂ ತೆರೆದಿಡಬಹುದಾದ್ದು ಉತ್ತರದ ಕಿಟಕಿ. ಮೇಡಂ ಇದನ್ನೆಲ್ಲ ಲೆಕ್ಕ ಹಾಕಿ, "ನಿಮ್ಮ ಉತ್ತರದ ಕಿಟಕಿ ಎಲ್ಲಿ?" ಎಂದು ಕೇಳಿದರು. ಅದು ದೊಡ್ಡ ಕಬ್ಬಿಣದ ಕಪಾಟಿನ ಹಿಂದೆ ಇತ್ತು! ಮಾವ ಇದ್ದ ಕಾಲದಿಂದ ಕಪಾಟು ಅಲ್ಲೇ, ಕಿಟಕಿ ಇರುವುದು ಮಗಳಿಗೆ ಗೊತ್ತೇ ಇರಲಿಲ್ಲ.

ಕಪಾಟು ಸರಿಸಿದೆವು. ಹಾಲ್ ಬೇರೆಯೇ ಆಯಿತು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಆಮೇಲೆ ಸೊಳ್ಳೆ ಜಾಲರಿ. ಸಮುದ್ರದ ಗಾಳಿಯ ಉಪ್ಪು, ಅದರ ಮೇಲೆ ಧೂಳು ಕೂತು ನಮ್ಮ ಕಡೆಯ ಜಾಲರಿಗಳು ಬೂದು ಬಣ್ಣದ ಬಟ್ಟೆ ಥರ ಆಗಿರುತ್ತವೆ. ನೀವು ಈಗಲೇ ಎದ್ದು ಹೋಗಿ ನಿಮ್ಮ ಮನೆಯದ್ದನ್ನು ನೋಡಿ. ಬಿಚ್ಚಿ ಸೋಪಿನ ನೀರಲ್ಲಿ ತೊಳೆದು ಹಾಕಿದರೆ ಬೆಳಕೂ ಬರುತ್ತದೆ, ಗಾಳಿಯೂ ಬರುತ್ತದೆ. ಚೀ ಅಂದರೆ ಮನೆಯೊಳಗೆ ಹರಿಯುವ ಪ್ರಾಣಶಕ್ತಿ, ಅದು ಬಾಗಿಲು ಕಿಟಕಿಯಿಂದಲೇ ಒಳಗೆ ಬರಬೇಕು ಅನ್ನುತ್ತಾರೆ ಫೆಂಗ್‌ಶುಯಿಯವರು. ನಾನು ಅದನ್ನು ನಂಬುತ್ತೇನೆ. ನಂಬದವರೂ ಜಾಲರಿ ತೊಳೆಯಿರಿ, ಮಧ್ಯಾಹ್ನದ ಕಡಲಗಾಳಿ ಒಳಗೆ ಬಂದಾಗ ಗೊತ್ತಾಗುತ್ತದೆ.

ಕನ್ನಡಿಯನ್ನು ಮುಂಬಾಗಿಲ ಎದುರಿನಿಂದ ತೆಗೆಸಿದರು, ಒಳಗೆ ಬಂದ ಚೀ ಹಾಗೇ ವಾಪಸ್ ಹೋಗುತ್ತದೆ ಅಂತ. ಉತ್ತರದ ಕಿಟಕಿಯ ಪಕ್ಕದ ಗೋಡೆಗೆ ಹಾಕಿಸಿದರು. ಈಗ ಅದೇ ಬೆಳಕು ಒಳಕೋಣೆಯ ಬಾಗಿಲವರೆಗೆ ಮುಟ್ಟುತ್ತದೆ. ಮಂಚಕ್ಕೆ ಎದುರಾಗಿ ಕನ್ನಡಿ ಬೇಡ ಅಂದರು, ಅದು ನಮ್ಮ ಅಜ್ಜಿಯಂದಿರೂ ಹೇಳುತ್ತಿದ್ದದ್ದೇ ಅಲ್ವಾ.

ಸಂಜೆ ಮತ್ತೆ ಬಂದಾಗ ಬಲ್ಬ್‌ಗಳ ಸರದಿ. ನಮ್ಮ ಮನೆಯಲ್ಲಿ ಎಲ್ಲಾ ಕಡೆ 6500 ಕೆಲ್ವಿನ್ ಬಿಳಿ ಬೆಳಕು ಇತ್ತು. ಇದು ಬಲ್ಬಿನ ಡಬ್ಬದ ಮೇಲೆಯೇ ಬರೆದಿರುತ್ತದೆ, ನಾವು ವ್ಯಾಟ್ ಮಾತ್ರ ನೋಡಿ ತರುತ್ತೇವೆ. ಕೆಲ್ವಿನ್ ಅಂಕಿ ಕಡಿಮೆ ಆದಷ್ಟೂ ಬೆಳಕು ಹಳದಿ, ಹಿತ. ಹಾಲ್‌ಗೂ ಮಲಗುವ ಕೋಣೆಗೂ 2700 ಅಥವಾ 3000, ಅಡುಗೆ ಕಟ್ಟೆಗೆ ಮತ್ತು ಮಗಳ ಓದುವ ಮೇಜಿಗೆ 4000 ಅಂತ ಬರೆದುಕೊಟ್ಟರು. ಒಂದೇ ದೊಡ್ಡ ಬೆಳಕು ಮೇಲಿನಿಂದ ಬೀಳುವ ಬದಲು, ಸಣ್ಣ ಸಣ್ಣ ಮೂರು ಬೆಳಕು ಕೂತವರ ಕಣ್ಣಿನ ಎತ್ತರಕ್ಕಿಂತ ಕೆಳಗೆ. ಹಳೇ ಟ್ಯೂಬ್‌ಲೈಟನ್ನು ಕಿತ್ತುಹಾಕಬೇಕಿಲ್ಲ, ಕಸ ಗುಡಿಸುವಾಗ, ಏನಾದರೂ ಹುಡುಕುವಾಗ ಬೇಕಾಗುತ್ತದೆ. 9 ವ್ಯಾಟಿನ ಎಲ್‌ಇಡಿ ಬಲ್ಬ್ ಸಾಮಾನ್ಯವಾಗಿ 800ರಿಂದ 900 ಲ್ಯೂಮೆನ್ ಬೆಳಕು ಕೊಡುತ್ತದೆ. ಮೂಲೆಯ ದೀಪಕ್ಕೆ ಅಷ್ಟು ಬೇಡ, ಅದರ ಅರ್ಧ ಸಾಕು.

ರಾತ್ರಿ ಬಿಳಿ ಬೆಳಕಲ್ಲಿ ಕೂತರೆ ಶರೀರಕ್ಕೆ ಇನ್ನೂ ಹಗಲು ಅಂತಲೇ ಅನ್ನಿಸುತ್ತದೆ ಎಂದು ಅವರು ಹೇಳಿದ್ದು ಬರೀ ನಂಬಿಕೆಯ ಮಾತಲ್ಲ. ನೀಲಿ ಅಂಶ ಜಾಸ್ತಿ ಇರುವ ಬೆಳಕು ನಿದ್ದೆಗೆ ಬೇಕಾದ ಮೆಲಟೋನಿನ್ ಅನ್ನು ತಡೆಯುತ್ತದೆ. ಶರೀರದ ಒಳಗಿನ ಗಡಿಯಾರ ಹೇಗೆ ನಡೆಯುತ್ತದೆ ಎಂದು ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬ್ಯಾಶ್, ಮೈಕೆಲ್ ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು. ಬೆಳಿಗ್ಗೆ ಕಿಟಕಿಯ ಬೆಳಕು, ಮುಸ್ಸಂಜೆಗೆ ದೇವರ ದೀಪ, ರಾತ್ರಿಗೆ ಮಂದ ಬೆಳಕು ಎನ್ನುವ ನಮ್ಮ ಹಳೇ ಮನೆಗಳ ಕ್ರಮ ಆ ಗಡಿಯಾರಕ್ಕೆ ಎಷ್ಟು ಸರಿಯಾಗಿ ಹೊಂದುತ್ತದೆ ನೋಡಿ. ಮಗಳು ಈಗ ಬೇಗ ಮಲಗುತ್ತಾಳೆ. ಬಲ್ಬ್ ಕಾರಣವೋ, ಫೋನ್ ಕೋಣೆಯ ಹೊರಗೆ ಇಡುತ್ತಿರುವುದು ಕಾರಣವೋ, ಎರಡೂ ಇರಬಹುದು.

ಸಂಕಲ್ಪದ ಭಾಗ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಸಂಜೆ ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿ, "ಈ ಜಾಗ ನಿಮಗೆ ಯಾಕೆ ಬೇಕು?" ಎಂದು ಒಬ್ಬೊಬ್ಬರನ್ನೇ ಕೇಳಿದರು. ಯಜಮಾನರು ಟಿವಿ ನೋಡೋಕೆ ಅಂದರು. ಮಗಳು ಏನೂ ಹೇಳಲಿಲ್ಲ. ಅತ್ತೆ ಮಾತ್ರ, ರಾತ್ರಿ ಊಟಕ್ಕೆ ಮುಂಚೆ ಎಲ್ಲರೂ ಒಂದು ಕಡೆ ಕೂತು ನಾಲ್ಕು ಮಾತಾಡಬೇಕು, ಇಷ್ಟೇ ನನ್ನ ಆಸೆ ಅಂದರು. ಅಷ್ಟು ವರ್ಷದಲ್ಲಿ ಅವರು ಅದನ್ನು ಬಾಯಿಬಿಟ್ಟು ಹೇಳಿದ್ದು ನಾನು ಕೇಳಿಲ್ಲ. ಮೇಡಂ ಅದನ್ನೇ ಕಾಗದದಲ್ಲಿ ಬರೆದು, ಈ ಕೋಣೆಯ ಸಂಕಲ್ಪ ಇದು ಎಂದರು. ಉಳಿದದ್ದೆಲ್ಲ ಅದರ ಹಿಂದೆ ಬಂತು. ಟಿವಿ ಒಳಕೋಣೆಗೆ ಹೋಯಿತು. ಬಾಗಿಲಿಗೆ ಬೆನ್ನು ಹಾಕಿದ್ದ ಸೋಫಾವನ್ನು ತಿರುಗಿಸಿ ಗೋಡೆಗೆ ಒರಗಿಸಿದೆವು, ಕೂತವರಿಗೆ ಬಾಗಿಲು ಕಾಣಬೇಕು ಎನ್ನುವುದು ಫೆಂಗ್‌ಶುಯಿಯ ಮುಖ್ಯ ನಿಯಮ. ಅತ್ತೆಯ ಸ್ಟೂಲ್ ಹೋಗಿ ಕಿಟಕಿಯ ಹತ್ತಿರ ಬೆತ್ತದ ಕುರ್ಚಿ ಬಂತು. ಮುಸ್ಸಂಜೆ ದೀಪ ಹಚ್ಚಿದ ಮೇಲೆ ಮೂಲೆಯ ದೀಪಗಳನ್ನು ಹಾಕುವ ಕೆಲಸ ಮಗಳದ್ದು. ಪೂಜೆಗೆ ಕೂತಾಗ ಸಂಕಲ್ಪ ಮಾಡದೆ ಶುರು ಮಾಡುತ್ತೇವಾ? ಮನೆಯ ಕೋಣೆಗೂ ಅದು ಬೇಕು ಎಂದು ನನಗೆ ಈಗ ಮನಸಾರೆ ಅನ್ನಿಸುತ್ತದೆ.

ಇನ್ನು ಸಾಮಾನು. ಪಟ್ಟಿಯ ಸಾಮಾನನ್ನು ಮೇಡಂ ಮಾರುವುದಿಲ್ಲ, ಒಂದು ಅಂಗಡಿ ಹೇಳುತ್ತಾರೆ. ಹಿಮಾಲಯದ ಉಪ್ಪಿನ ದೀಪ, ಲೋಹದ ಗಾಳಿಗಂಟೆ, ಲಕ್ಕಿ ಬಿದಿರು ತಂದೆವು. ಮಳೆ ಶುರುವಾದದ್ದೇ ಉಪ್ಪಿನ ದೀಪ ನೀರು ಬಿಡತೊಡಗಿತು. ಗಾಳಿಯಲ್ಲಿ ತೇವ ಶೇಕಡಾ 75 ದಾಟಿದರೆ ಉಪ್ಪು ತಾನಾಗಿ ನೀರು ಹೀರಿ ಕರಗುತ್ತದೆ, ಕಾರವಾರದ ಮಳೆಗಾಲದಲ್ಲಿ ಅದಕ್ಕಿಂತ ಕಡಿಮೆ ಆಗುವುದು ಯಾವಾಗ? ಕೆಳಗಿನ ಮರದ ಹಲಗೆ ಹಾಳಾಯಿತು. ಒಳಗೆ ಕರೆಂಟ್ ಬಲ್ಬ್ ಇರುವುದರಿಂದ ಇದು ಅಪಾಯ ಕೂಡ. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ, ಒರೆಸಿ ಒರೆಸಿ ಇಡಿ ಅಂದರು. ಗಾಳಿಗಂಟೆಯ ಕೊಂಡಿ ತುಕ್ಕು ಹಿಡಿದು ಕಳಚಿ ಬಿತ್ತು. ಲಕ್ಕಿ ಬಿದಿರು ನಿಜವಾಗಿ ಬಿದಿರೇ ಅಲ್ಲ, ಆಫ್ರಿಕಾ ಮೂಲದ ಡ್ರಸೀನಾ ಜಾತಿಯ ಗಿಡ. ಬೆಕ್ಕು ಕಚ್ಚಿದರೆ ವಾಂತಿ ಮಾಡುತ್ತದೆ, ಬೆಕ್ಕು ಸಾಕಿದವರು ನೋಡಿಕೊಳ್ಳಿ. ಅದರ ನೀರನ್ನು ದಿನ ಬಿಟ್ಟು ದಿನವಾದರೂ ಚೆಲ್ಲಬೇಕು, ಇಲ್ಲದಿದ್ದರೆ ಡೆಂಗಿ ಸೊಳ್ಳೆಗೆ ನಾವೇ ಮನೆ ಕಟ್ಟಿಕೊಟ್ಟ ಹಾಗೆ. ಹಸಿರು ಬೇಕು ಅನ್ನಿಸಿದರೆ ಅಂಗಳದ ತುಳಸಿ ಇದೆ, ಜಗಲಿಗೆ ಒಂದು ಕ್ರೋಟನ್ ಸಾಕು.

ಸಲಹೆಯಲ್ಲೇ ಒಂದು ಕೊರತೆ ಇದೆ. ಕಪಾಟು ಸರಿಸಿದಾಗ ಗೋಡೆ ತುಂಬಾ ಬೂಷ್ಟು ಹಿಡಿದಿತ್ತು. ಮೇಡಂ ಅದನ್ನು ನಿಂತ ಶಕ್ತಿ ಅಂದರು, ಆದರೆ ಹೊರಗೋಡೆಯ ಬಿರುಕಿನಿಂದ ನೀರು ಇಳಿಯುತ್ತಿದೆಯಾ ಅಂತ ನೋಡಲಿಲ್ಲ. ಚಿರೇಕಲ್ಲು ನೀರು ಕುಡಿಯುವ ಕಲ್ಲು. ಗಾರೆ ಮೇಸ್ತ್ರಿಯನ್ನು ಕರೆಸಿ ಹೊರಗಿನ ಪ್ಲಾಸ್ಟರ್ ಸರಿಮಾಡಿಸಿದ ಮೇಲೆಯೇ ಗೋಡೆ ಒಣಗಿದ್ದು. ಕೆಮ್ಮು, ಉಬ್ಬಸ ಇರುವವರು ಬೂಷ್ಟಿನ ಜೊತೆ ತಡ ಮಾಡಲೇಬಾರದು, ಮೇಸ್ತ್ರಿಯನ್ನೂ ಡಾಕ್ಟರನ್ನೂ ನೋಡಿ. ಹಣದ ಮೂಲೆಯಿಂದ ಹಣ ಬರುತ್ತದೆ ಎಂದು ಯಾರಾದರೂ ಗ್ಯಾರಂಟಿ ಕೊಟ್ಟರೆ ಅವರನ್ನು ಕರೆಸಬೇಡಿ. ನಮ್ಮ ಮೇಡಂ ಕೊಡಲಿಲ್ಲ.

ಸಿರ್ಸಿ, ಯಲ್ಲಾಪುರ, ಸಿದ್ದಾಪುರ ಕಡೆ ಹೆಂಚಿನ ಮನೆ ಇರುವವರಿಗೆ ಇನ್ನೊಂದು ಮಾತು. ಅತ್ತೆಯ ತವರಿನಲ್ಲಿ ಅಡುಗೆಮನೆಯ ಮಾಡಿಗೆ ಎರಡು ಗಾಜಿನ ಹೆಂಚು ಇದೆ, ಮಧ್ಯಾಹ್ನ ಒಲೆಯ ಮುಂದೆ ಬಿಸಿಲು ಕೋಲು ನಿಲ್ಲುತ್ತದೆ. ಮೇಡಂ ಆ ಮನೆಯನ್ನೂ ನೋಡಿ, ಇಲ್ಲಿ ನಾನು ಹೇಳೋಕೆ ಏನೂ ಇಲ್ಲ, ಹೆಂಚಿನ ಮೇಲಿನ ಪಾಚಿ ಉಜ್ಜಿಸಿ ಅಷ್ಟೇ ಅಂದರು. ಜಗಲಿಗೆ ಶೀಟ್ ಹಾಕಿ ಮುಚ್ಚುವ ಯೋಚನೆ ಇದ್ದವರು ದಯವಿಟ್ಟು ಒಮ್ಮೆ ಯೋಚಿಸಿ. ಮನೆಗೆ ಬೆಳಕು ಬರುವ ದಾರಿಯೇ ಅದು.

ಒಟ್ಟು ಭೇಟಿಗೆ ಐದಕ್ಕೆ ನಾಲ್ಕೂವರೆ, ಸಾಮಾನಿನ ಪಟ್ಟಿಗೆ ಒಂದು. ಕರೆಸುವುದಾದರೆ ಮಳೆಗಾಲದಲ್ಲೇ ಕರೆಸಿ, ಮನೆ ಅತಿ ಕತ್ತಲಾಗಿರುವಾಗ ನೋಡಿದರೆ ತಾನೇ ಎಲ್ಲಿ ಏನು ಬೇಕು ಅಂತ ತಿಳಿಯುವುದು. ಮನೆಯ ಎಲ್ಲರೂ ಇರುವ ದಿನ ನೋಡಿಕೊಳ್ಳಿ, ಒಬ್ಬರೇ ಕೂತು ಮಾಡುವ ಸಂಕಲ್ಪ ಉಳಿದವರಿಗೆ ಮುಟ್ಟುವುದಿಲ್ಲ. ಅರ್ಧ ಬೆಲೆಗೆ ವಿಡಿಯೋ ಕಾಲ್‌ನಲ್ಲೂ ಸಲಹೆ ಕೊಡುತ್ತಾರಂತೆ. ಅದು ಬೇಡ. ಫೋನಿನ ಕ್ಯಾಮೆರಾ ಕತ್ತಲೆ ಕೋಣೆಯನ್ನು ತಾನೇ ಬೆಳಗಿಸಿ ತೋರಿಸುತ್ತದೆ, ನಿಮ್ಮ ಹಾಲ್ ನಿಜವಾಗಿ ಎಷ್ಟು ಕತ್ತಲು ಅಂತ ಆ ಕಡೆಯವರಿಗೆ ಗೊತ್ತೇ ಆಗುವುದಿಲ್ಲ.