ಅವ್ವನ ತುಳಿಯೋ ಮೆಷಿನ್: ಮೂವತ್ತು ವರ್ಷ ಬಳಸಿದ ಮೇಲೆ

ಹಳೇ ಕಬ್ಬಿಣದ ಹೊಲಿಗೆ ಮೆಷಿನ್ ತಗೊಳ್ಳಬೇಕಾ, ಹೊಸ ಕರೆಂಟಿನದ್ದೇ ಒಳ್ಳೆಯದಾ ಅಂತ ಪರಿಚಯದವರು ಆಗಾಗ ಕೇಳುತ್ತಾರೆ. ನಾನು ಟೇಲರ್ ಅಲ್ಲ. ಆದರೆ ಒಂದು ಮೆಷಿನ್ನಿನ ಪಕ್ಕದಲ್ಲೇ ಬೆಳೆದವಳು. 1995ರಲ್ಲಿ ಅದು ನಮ್ಮ ಮನೆಗೆ ಬಂತು. ಆಗ ನಾನು ಮೂರನೇ ಕ್ಲಾಸು. ಇವತ್ತಿಗೂ ಅದು ದಾವಣಗೆರೆಯ ಕೆ.ಟಿ.ಜೆ. ನಗರದಲ್ಲಿ, ಅವ್ವನ ಮನೆಯ ಕಿಟಕಿ ಹತ್ತಿರ ಇದೆ. ಚೆನ್ನಾಗೇ ಹೊಲಿಯುತ್ತದೆ.

ಕಂಪನಿ ಯಾವುದು ಅಂತ ಕೇಳಬೇಡಿ. ನಮ್ಮಲ್ಲಿಗೆ ಬರುವ ಹೊತ್ತಿಗೇ ಅದು ಸೆಕೆಂಡ್ ಹ್ಯಾಂಡ್. ಮೈಮೇಲಿನ ಬಂಗಾರ ಬಣ್ಣದ ಅಕ್ಷರವೆಲ್ಲ ಕೈ ತಾಗಿ ತಾಗಿ ಅಳಿಸಿಹೋಗಿತ್ತು. ಎರಡು ಹೂವು, ಅರ್ಧ ಬಳ್ಳಿ ಮಾತ್ರ ಉಳಿದಿದ್ದವು. ಕಪ್ಪು ತಲೆ, ಮರದ ಹಲಗೆ, ಪಕ್ಕದಲ್ಲಿ ಸಣ್ಣ ಡ್ರಾಯರ್, ಬೀಡು ಕಬ್ಬಿಣದ ಕಾಲು, ಅಗಲವಾದ ಪೆಡಲ್, ಕೆಳಗೆ ದೊಡ್ಡ ಚಕ್ರ, ಅದರ ಮೇಲೆ ಓಡೋ ಚರ್ಮದ ಬೆಲ್ಟ್. ಬೆಲೆ 1,100 ರೂಪಾಯಿ. ಓಣಿಯ ಹೆಂಗಸರ ಜೊತೆ ಹಾಕಿದ್ದ ಚೀಟಿಯನ್ನು ಅವ್ವ ಎತ್ತಿದಳು. ಅದು ಸಾಲಲಿಲ್ಲ. ಕಿವಿಯ ಬೆಂಡೋಲೆ ಗಿರವಿಗೆ ಹೋಯಿತು. ತೂತು ಮುಚ್ಚಬಾರದು ಅಂತ ಕಸಬರಿಗೆ ಕಡ್ಡಿ ಮುರಿದು ಸಿಗಿಸಿಕೊಂಡಿದ್ದಳು. ನನಗದು ತುಂಬಾ ಚೆಂದ ಕಂಡಿತ್ತು. ನನಗೂ ಹಾಗೇ ಹಾಕು ಅಂತ ಹಟ ಮಾಡಿದೆ. ಅವ್ವ ಏನೂ ಅನ್ನಲಿಲ್ಲ. ಇನ್ನೊಂದು ಕಡ್ಡಿ ಮುರಿದು, ತುದಿ ನೆಲಕ್ಕೆ ಉಜ್ಜಿ ನುಣುಪು ಮಾಡಿ, ನನ್ನ ಕಿವಿಗೂ ಹಾಕಿದಳು.

ಮೆಷಿನ್ ಯಾಕೆ ಬಂತು ಅಂದರೆ, ಅಪ್ಪಾಜಿ ಕೆಲಸ ಮಾಡುತ್ತಿದ್ದ ಹತ್ತಿ ಮಿಲ್ ನಿಂತಿತ್ತು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿತ್ತು. ಅಂಥ ಊರಲ್ಲಿ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಹಳೇ ಯಂತ್ರ, ಕರೆಂಟ್ ಸಾಲಲ್ಲ, ಪವರ್‌ಲೂಮ್ ಬಟ್ಟೆ ಅಗ್ಗ ಅಂತ ಕಟ್ಟೆ ಮೇಲೆ ಕೂತ ದೊಡ್ಡವರು ಮಾತಾಡಿಕೊಳ್ಳುತ್ತಿದ್ದರು. ನನಗೆ ಗೊತ್ತಾಗಿದ್ದು ಎರಡೇ. ಬೆಳಗ್ಗೆ ಮಿಲ್ಲಿನ ಸೈರನ್ ಕೂಗಲಿಲ್ಲ, ಅದು ಒಂದು. ಇನ್ನೊಂದು ಅಪ್ಪಾಜಿಯ ತಲೆ. ಮಿಲ್ಲಿಂದ ಬರುವಾಗ ಹುಬ್ಬು, ಮೀಸೆ, ತಲೆಕೂದಲ ಮೇಲೆಲ್ಲ ಹತ್ತಿಯ ಎಳೆ ಕೂತು ಬೆಳ್ಳಗಿರುತ್ತಿತ್ತು. ನಾನು ತೊಡೆ ಮೇಲೆ ಹತ್ತಿ ಒಂದೊಂದೇ ಎಳೆ ತೆಗೆಯುತ್ತಿದ್ದೆ. ಆಮೇಲೆ ಅವರು ಮಂಡಕ್ಕಿ ಭಟ್ಟಿಗೆ ಕೂಲಿಗೆ ಹೋಗತೊಡಗಿದರು. ಅಲ್ಲಿಂದ ಬರುವಾಗ ಅದೇ ತಲೆ ಕಪ್ಪಗಿರುತ್ತಿತ್ತು. ಮಸಿಯನ್ನು ಎಳೆ ಎಳೆಯಾಗಿ ತೆಗೆಯೋಕೆ ಬರಲ್ಲ. ಹತ್ತಿರ ಹೋದರೆ "ತಡಿ, ಮುಟ್ಟಬ್ಯಾಡ, ಜಳಕ ಮಾಡ್ತೀನಿ" ಅನ್ನುತ್ತಿದ್ದರು.

ಇರಲಿ, ಹೊಲಿಗೆಗೆ ಬರುತ್ತೇನೆ. ಈ ಮೆಷಿನ್ನಿಗೆ ಬರೋದು ನೆಟ್ಟನೆ ಹೊಲಿಗೆ ಒಂದೇ. ಜಿಗ್‌ಜಾಗ್ ಇಲ್ಲ, ಬಟ್ಟೆಯ ಅಂಚು ಎಳೆ ಬಿಡದ ಹಾಗೆ ಹಾಕೋ ಇಂಟರ್‌ಲಾಕ್ ಇಲ್ಲ. ಆದರೆ ಆ ನೆಟ್ಟನೆ ಹೊಲಿಗೆ ಎಂಥದು ಅಂದರೆ, ಬಟ್ಟೆ ಹರಿದರೂ ಹೊಲಿಗೆ ಬಿಡಲ್ಲ. ತೆಳು ಬಟ್ಟೆಗೆ 14ನೇ ನಂಬರ್ ಸೂಜಿ, ಮಾಮೂಲಿ ಕಾಟನ್ನಿಗೆ 16, ದಪ್ಪ ಬಟ್ಟೆಗೆ 18. ಸೂಜಿ ಸರಿ ಹಾಕಿದರೆ ನಾಲ್ಕು ಪದರ ಬಟ್ಟೆಯನ್ನೂ ತಡೆಯಿಲ್ಲದೆ ದಾಟುತ್ತದೆ. ಅವ್ವ ಬ್ಲೌಸಿಗೆ 15 ರೂಪಾಯಿ ತಗೊಳ್ಳುತ್ತಿದ್ದಳು, ಲಂಗಕ್ಕೆ 6, ಸೀರೆ ಫಾಲ್ಸಿಗೆ 5. ದಾರ, ಹುಕ್ಸು, ಲೈನಿಂಗ್ ಬಟ್ಟೆ ತರೋಕೆ ನಾವಿಬ್ಬರೂ ಚೌಕಿಪೇಟೆಗೆ ನಡೆದೇ ಹೋಗುತ್ತಿದ್ದೆವು. ಬ್ಲೌಸ್ ಪೀಸಿನ ಚೂರು ಕೊಟ್ಟರೆ ಸಾಕು, ಅದೇ ಬಣ್ಣದ ರೀಲು ಹುಡುಕೋದು ನನ್ನ ಕೆಲಸ.

ಕರೆಂಟ್ ಬೇಡ ಅನ್ನೋದು ಇದರ ದೊಡ್ಡ ಗುಣ. ಆಗ ಸಂಜೆಯಾದರೆ ಲೋಡ್ ಶೆಡ್ಡಿಂಗ್. ಅವ್ವ ಚಿಮಣಿ ದೀಪ ಹಚ್ಚಿ ಹೊಲಿಯುತ್ತಿದ್ದಳು. ದೀಪದ ಬೆಳಕಲ್ಲಿ ಸೂಜಿಗೆ ದಾರ ಪೋಣಿಸೋದು ಅವಳಿಗೆ ಕಷ್ಟ, ಅದಕ್ಕೆ ನಾನೇ ಬೇಕು. ಹಾಸಿಗೆಯಲ್ಲಿ ಮಲಗಿ ಆ ಸದ್ದು ಕೇಳುತ್ತಿದ್ದೆ. ಟಕಟಕ ಅಂತ ತಡೆಯಿಲ್ಲದೆ ಹೋದರೆ ಬ್ಲೌಸಿನ ಪಕ್ಕದ ಹೊಲಿಗೆ. ನಿಂತು ನಿಂತು ಹೋದರೆ ತೋಳು ಕೂರಿಸುತ್ತಿದ್ದಾಳೆ ಅಂತ ಅರ್ಥ. ಎರಡು ವರ್ಷಕ್ಕೊಮ್ಮೆ ಬರೋ ದುಗ್ಗಮ್ಮನ ಜಾತ್ರೆ ಮುಂಚೆ ಆ ಸದ್ದು ನಡುರಾತ್ರಿ ದಾಟುತ್ತಿತ್ತು. ಆಷಾಢದಲ್ಲಿ ಕೇಳಿಸುತ್ತಲೇ ಇರಲಿಲ್ಲ. ಆಗ ನನಗೆ ನಿದ್ದೆ ಬರುತ್ತಿರಲಿಲ್ಲ. ನಾಳೆ ಏನೋ ಇರಲ್ಲ ಅನ್ನೋದು ಗೊತ್ತಾಗುತ್ತಿತ್ತು. ಏನು ಅಂತ ಗೊತ್ತಾಗುತ್ತಿರಲಿಲ್ಲ.

ಎಣ್ಣೆ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜಾಸ್ತಿ ಜನ ತಪ್ಪು ಮಾಡೋದು ಇಲ್ಲೇ. 1996ರ ದೀಪಾವಳಿ ಹತ್ತಿರ ಬಂದಿತ್ತು. ಒಂಬತ್ತು ಬ್ಲೌಸ್ ಬಾಕಿ ಇದ್ದವು. ಮೆಷಿನ್ ಎಣ್ಣೆ ಮುಗಿದಿತ್ತು, ಸಣ್ಣ ಬಾಟಲಿ ತರೋಕೂ ಕೈಯಲ್ಲಿ ದುಡ್ಡಿರಲಿಲ್ಲ. ಅವ್ವ ತಲೆಗೆ ಹಚ್ಚೋ ಕೊಬ್ಬರಿ ಎಣ್ಣೆಯನ್ನೇ ತೂತು ತೂತಿಗೆ ಬಿಟ್ಟಳು. ಎರಡು ದಿನ ಬೆಣ್ಣೆಯ ಹಾಗೆ ಓಡಿತು. ಮೂರನೇ ದಿನ ಬೆಳಗ್ಗೆ ಚಳಿ. ಚಕ್ರ ಅಲ್ಲಾಡಲಿಲ್ಲ. ಎಣ್ಣೆ ಹೆಪ್ಪುಗಟ್ಟಿ, ಬಟ್ಟೆಯ ಧೂಳು ಸೇರಿ ಒಳಗೆಲ್ಲ ಅಂಟಾಗಿತ್ತು. ರಿಪೇರಿಯವರು ಬಂದು ತಲೆ ಬಿಚ್ಚಿ ಮಗುಚಿದರು. "ಸೀಮೆಎಣ್ಣೆ ಕೊಡ್ರಿ, ತೊಳೀಬೇಕು" ಅಂದರು. ರೇಷನ್ನಿನ ಸೀಮೆಎಣ್ಣೆ ಒಂದು ಬಾಟಲಿ ಉಳಿದಿತ್ತು, ಅದು ಸ್ಟವ್‌ಗೆ. ಅವ್ವ ಬಾಟಲಿ ಹಿಡಿದು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಪೂರ್ತಿ ಬಾಟಲಿ ಅವರ ಕೈಗೇ ಕೊಟ್ಟಳು. ತಟ್ಟೆಗೆ ಸುರಿದ ಸೀಮೆಎಣ್ಣೆ ನೋಡ ನೋಡುತ್ತಲೇ ಕಪ್ಪಾಯಿತು.

ಅವತ್ತು ರಾತ್ರಿ ಸ್ಟವ್ ಹಚ್ಚಲಿಲ್ಲ. ಅವ್ವ ಮಂಡಕ್ಕಿಗೆ ಎಣ್ಣೆ, ಖಾರಪುಡಿ, ಪುಟಾಣಿ ಪುಡಿ, ಹಸಿ ಈರುಳ್ಳಿ ಹಾಕಿ ಕಲಸಿದಳು. ನನಗೂ ತಮ್ಮನಿಗೂ ಹಬ್ಬವೇ ಹಬ್ಬ. "ಅವ್ವಾ, ನಾಳೇನೂ ಸ್ಟವ್ ಹಚ್ಚಬ್ಯಾಡ, ಇದನ್ನೇ ಮಾಡು" ಅಂದ ತಮ್ಮ. ಅವ್ವ ನಕ್ಕಳು. ಅಪ್ಪಾಜಿ ತಟ್ಟೆ ಎತ್ತಿಕೊಂಡು ಹೊರಗೆ ಕಟ್ಟೆಗೆ ಹೋಗಿ ಕೂತರು. ಸೆಕೆ ಇರಬೇಕು ಅಂದುಕೊಂಡೆ. ಅದು ಚಳಿಗಾಲ ಅನ್ನೋದು ನನಗೆ ಹೊಳೆದಿದ್ದು ಎಷ್ಟೋ ವರ್ಷ ಆದಮೇಲೆ.

ಅದಕ್ಕೇ ಹೇಳುತ್ತೇನೆ, ಮೆಷಿನ್ನಿಗೆ ಮೆಷಿನ್ ಎಣ್ಣೆಯೇ ಬೇಕು. ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ಎರಡೂ ಬೇಡ.

ಅಪ್ಪಾಜಿ ಈ ಮೆಷಿನ್ನಿನ ಮುಂದೆ ಯಾವತ್ತೂ ಕೂರಲಿಲ್ಲ. ಆದರೆ ರಾತ್ರಿ ಊಟ ಆದಮೇಲೆ ಬಾಗಿಲಿನ ಚಿಲಕ ಹಾಕಿ, ಬ್ಲೌಸುಗಳಿಗೆ ಕಾಜ ಕಟ್ಟಿ ಹುಕ್ಸ್ ಹಾಕುತ್ತಿದ್ದರು. ಸ್ಪಿನ್ನಿಂಗ್ ಡಿಪಾರ್ಟ್‌ಮೆಂಟಿನಲ್ಲಿ ಹದಿನಾರು ವರ್ಷ ಕಡಿದ ದಾರ ಸೇರಿಸಿದ ಬೆರಳು. ಹೆಬ್ಬೆರಳಿಂದ ಒಂದು ಸಲ ಹೊಸೆದರೆ ಸಾಕು, ದಾರ ಸೂಜಿ ಕಣ್ಣಿಗೆ ತಾನೇ ಹೋಗುತ್ತಿತ್ತು. ಚಿಲಕ ಯಾಕೆ ಅಂತ ಕೇಳಿದರೆ ಸೊಳ್ಳೆ ಅನ್ನುತ್ತಿದ್ದರು. ಒಂದು ದಿನ ಓಣಿಯ ಅತ್ತೆಯೊಬ್ಬರು ಬ್ಲೌಸ್ ತಗೊಳ್ಳೋಕೆ ಬಂದು, ತಿರುಗಿಸಿ ತಿರುಗಿಸಿ ನೋಡಿ, "ಕಾಜ ಎಷ್ಟು ಚೆಂದ ಬಂದೇತೆ, ಯಾರ ಕೈಲಿ ಹಾಕಿಸ್ತೀಯೆ?" ಅಂದರು. "ನಮ್ಮಪ್ಪಾಜಿ!" ಅಂದುಬಿಟ್ಟೆ. ಅವ್ವನ ಕಾಲು ಪೆಡಲ್ ಮೇಲೆ ನಿಂತೇಹೋಯಿತು. ನಾನೇನೋ ಒಡೆದುಹಾಕಿದೆ ಅನ್ನಿಸಿತು. ಆ ಅತ್ತೆ ಬ್ಲೌಸ್ ಮಡಚುತ್ತಾ, "ಮಿಲ್ಲಿನ ಕೈ ಅಲ್ವಾ, ದಾರ ಮಾತು ಕೇಳ್ತತಿ" ಅಂದರು. ಹೋಗುವಾಗ ಎರಡು ರೂಪಾಯಿ ಜಾಸ್ತಿ ಇಟ್ಟು ಹೋದರು. ಅವತ್ತು ರಾತ್ರಿ ಅಪ್ಪಾಜಿ ಚಿಲಕ ಹಾಕಲಿಲ್ಲ.

ಚೂರು ಬಟ್ಟೆ ಜೋಡಿಸಿ ಹೊಲಿಯೋಕೂ ಇಂಥ ಮೆಷಿನ್ ಬಲು ಅನುಕೂಲ. ನಾನು ಐದನೇ ಕ್ಲಾಸಲ್ಲಿದ್ದಾಗ ಶಾಲೆಯಲ್ಲಿ ಸರಿಯಾಗಿ ಹಾಜರಿ ಇದ್ದವರಿಗೆ ತಿಂಗಳಿಗೆ 3 ಕೆ.ಜಿ. ಅಕ್ಕಿ ಕೊಡುತ್ತಿದ್ದರು. ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾದ ವರ್ಷ, 1997. ಅಕ್ಕಿ ತರೋಕೆ ಅವ್ವ ಬ್ಲೌಸಿನ ಚೂರುಗಳಿಂದ ಒಂದು ಚೀಲ ಹೊಲಿದುಕೊಟ್ಟಿದ್ದಳು. ಅಡಿಗೆ ಡಬಲ್ ಹೊಲಿಗೆ. ಜ್ವರ ಬಂದ ದಿನವೂ ನಾನು ಶಾಲೆ ತಪ್ಪಿಸಲಿಲ್ಲ. ಹಾಜರಿ ಹೋದರೆ ಅಕ್ಕಿ ಹೋಗುತ್ತದೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ, ನಾನೇ ಲೆಕ್ಕ ಹಾಕಿದ್ದೆ. ಆ ಚೀಲ ಈಗಲೂ ಡ್ರಾಯರಿನಲ್ಲಿದೆ. ಬಟ್ಟೆ ಬಣ್ಣ ಬಿಟ್ಟಿದೆ, ಹೊಲಿಗೆ ಬಿಟ್ಟಿಲ್ಲ.

ಇನ್ನು ಕೊರತೆ. ಮೊದಲನೆಯದು ಮೊಣಕಾಲು. ದಿನಕ್ಕೆ ಒಂದೆರಡು ಗಂಟೆ ತುಳಿಯೋರಿಗೆ ಏನೂ ಆಗಲ್ಲ. ಅವ್ವ ಎಂಟು ಹತ್ತು ಗಂಟೆ ತುಳಿದಳು, ವರ್ಷಗಟ್ಟಲೆ. ಈಗ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾಳೆ. ಸೊಂಟವೂ ಹಾಗೇ. ದುಡಿಮೆಗೆ ಅಂತ ತಗೊಳ್ಳೋರು ಬೆನ್ನಿಗೆ ಆಸರೆ ಇರೋ ಕುರ್ಚಿಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಅವ್ವ ಕೂತಿದ್ದು ಸ್ಟೂಲಿನ ಮೇಲೆ. ಎರಡನೆಯದು ಬೆಲ್ಟ್. ಚರ್ಮ ಹಿಗ್ಗಿ ಜಾರುತ್ತದೆ. ತುದಿಯಲ್ಲಿ ಸ್ವಲ್ಪವೇ ಕತ್ತರಿಸಿ, ಹೊಸ ತೂತು ಮಾಡಿ, ಕ್ಲಿಪ್ ಹಾಕಿದರೆ ಮತ್ತೆ ಬಿಗಿಯಾಗುತ್ತದೆ.

ನನಗೆ ಸಂಬಳ ಬರತೊಡಗಿದ ಮೇಲೆ ಇದಕ್ಕೆ ಮೋಟರ್ ಹಾಕಿಸಿದೆ. ಅವ್ವ ಒಂದೇ ವಾರಕ್ಕೆ ತೆಗೆಸಿದಳು. "ಅದು ಓಡಿದಂಗೆ ನಾನು ಓಡಬೇಕು, ಬ್ಯಾಡ" ಅಂದಳು. ಕಲಿಯೋರಿಗೆ ನಾನೂ ಅದನ್ನೇ ಹೇಳುತ್ತೇನೆ. ಮೊದಲು ತುಳಿದು ಕಲಿಯಿರಿ, ಕೈಗೂ ಕಾಲಿಗೂ ಹೊಂದಿಕೆ ಬಂದಮೇಲೆ ಮೋಟರ್. ಬರೀ ಹೊಲಿಗೆಯಿಂದಲೇ ಮನೆ ನಡೆಸಬೇಕು ಅನ್ನೋರು ಮಾತ್ರ ಮೋಟರ್ ಹಾಕಿಸಲೇಬೇಕು. ಮೊಣಕಾಲು ಉಳಿಯಬೇಕಲ್ವಾ. ಗಟ್ಟಿತನಕ್ಕೆ ನಾನು ಕೊಡೋದು ಐದಕ್ಕೆ ಐದು, ಕೂತು ದುಡಿಯೋ ಆರಾಮಕ್ಕೆ ಎರಡು.

ಸೆಕೆಂಡ್ ಹ್ಯಾಂಡ್ ನೋಡೋಕೆ ಹೋದರೆ ಮೊದಲು ಬೆಲ್ಟ್ ಬಿಚ್ಚಿಸಿ, ಮೇಲಿನ ಚಕ್ರವನ್ನು ಬರಿಗೈಯಲ್ಲಿ ತಿರುಗಿಸಿ. ಎಲ್ಲೂ ತಡೆಯಬಾರದು. ಸೂಜಿಯ ಕೆಳಗೆ ಅಡಿ ದಾರದ ಬಾಬಿನ್ ಕೂರೋ ಶಟಲ್ ತೆಗೆಸಿ, ತುಕ್ಕು ಇದೆಯಾ ನೋಡಿ. ಮನೆಯಿಂದ ಹಳೇ ಕಾಟನ್ ಬಟ್ಟೆಯ ಚೂರು ಒಯ್ಯಿರಿ. ಎರಡು ಪದರ ಹೊಲಿದು ನೋಡಿ, ಆಮೇಲೆ ನಾಲ್ಕು. ಅಡಿಯಲ್ಲಿ ದಾರ ಗುಂಪುಗುಂಪಾದರೆ ಮೇಲಿನ ದಾರ ಬಿಚ್ಚಿ ಮತ್ತೆ ಪೋಣಿಸಿ, ಆ ದಾರ ಎಷ್ಟು ಬಿಗಿಯಾಗಿ ಬರಬೇಕು ಅಂತ ಹಿಡಿಯೋ ಟೆನ್ಶನ್ ಸ್ವಲ್ಪ ಬಿಗಿ ಮಾಡಿ. ಆಗಲೂ ಹಾಗೇ ಆದರೆ ಆ ಮೆಷಿನ್ ಬೇಡ. ಎಲ್ಲಾ ಸರಿ ಇದ್ದು ತಗೊಂಡರೆ, ಬರುವಾಗ ಮೆಷಿನ್ ಎಣ್ಣೆಯ ಬಾಟಲಿಯನ್ನೂ ಅವತ್ತೇ ತಗೊಂಡು ಬನ್ನಿ.